ಕತೆಗೊಬ್ಬ ದಲಾಲ ಬೇಕಾಗಿದ್ದಾನೆ

ನಿಪ್ಪಾಣಿಯಲ್ಲಿ ತಂಬಾಕಿಗೆ ದಲಾಲರಿದ್ದಾರೆ. ಚಿಕ್ಕೋಡಿ, ರಾಯಬಾಗ ಕಡೆಯ ಕಬ್ಬಿಗೆ ಕಾರ್ಖಾನೆಗಳಿವೆ, ಬೆಲ್ಲಕ್ಕೆ ಅಡತಿ ಅಂಗಡಿಗಳಿವೆ. ಅಥಣಿಯ ಚಪ್ಪಲಿಯನ್ನು ಕೊಲ್ಹಾಪುರದ ಹೆಸರಿನಲ್ಲಿ ಮಾರುವುದಕ್ಕೂ ಜನರಿದ್ದಾರೆ. ದನದ ಸಂತೆಗೆ ಹೋದರೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸುವ ಮಧ್ಯಸ್ಥನೊಬ್ಬ ಎಲ್ಲಿಂದಲೋ ಹಾಜರಾಗುತ್ತಾನೆ. ಕಾಗವಾಡದಿಂದ ನಿಪ್ಪಾಣಿಯವರೆಗೆ, ಈ ಐದು ತಾಲೂಕುಗಳಲ್ಲಿ ದಲಾಲನಿಲ್ಲದ ಸರಕು ಬಹುಶಃ ಒಂದೇ ಒಂದು. ಅದು ಕತೆ. ಅದು ಮಾರಾಟವಾಗುವುದೂ ಅಷ್ಟಕ್ಕಷ್ಟೇ ಎನ್ನಿ.

ರಾಯಬಾಗದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯ ಮಾಸ್ತರರ ಬಳಿ ಇಂಥ ಹನ್ನೆರಡು ಕತೆಗಳಿದ್ದವು. ಇನ್ನೂರು ಪುಟದ ಎರಡು ನೋಟ್‌ಬುಕ್ಕುಗಳು. ಮೇಲೆ ಮಕ್ಕಳ ಪುಸ್ತಕಕ್ಕೆ ಹಾಕುವ ಕಂದು ಕಾಗದದ ರಟ್ಟು. ನಲವತ್ತಾರರ ವಯಸ್ಸು, ಇಪ್ಪತ್ತೆರಡು ವರ್ಷದ ನೌಕರಿ. ಕತೆ ಬರೆಯುತ್ತಾರೆಂಬುದು ಹೆಂಡತಿಗೆ ಗೊತ್ತು, ಅಥಣಿಯ ಗೆಳೆಯನಿಗೆ ಗೊತ್ತು, ಹೆಡ್‌ಮಾಸ್ತರರಿಗೆ ಮಾತ್ರ ಗೊತ್ತಿಲ್ಲ. ಗೊತ್ತಾದರೆ ಶಾಲೆಯ ವರದಿಗಳನ್ನೆಲ್ಲ ಇವರಿಂದಲೇ ಬರೆಸಿಯಾರು ಎಂಬ ಭಯ.

ಗೆಳೆಯ ಪೇಂಟರ್. ಒಂದು ಕಾಲಕ್ಕೆ ಅಥಣಿಯ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವೇ. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶಿಗೆ ಕೆಲಸವಿಲ್ಲ. ಮದುವೆ ಮನೆಯ ಗೋಡೆಯ ಮೇಲೆ ಹೆಸರು ಬರೆಯುವುದು, ಗುಡಿಯ ಬಾಗಿಲಿಗೆ ಬಣ್ಣ ಬಳಿಯುವುದು, ಹೀಗೆ ದಿನ ಹೋಗುತ್ತದೆ. ಮಾಸ್ತರರ ಕತೆ ಓದಿದವನೂ ಅವನೇ, ಅವಕ್ಕೆ ಚಿತ್ರ ಬರೆದವನೂ ಅವನೇ.

ಒಂದು ಸಲ ಮಾಸ್ತರರಿಗೆ ಪ್ರಕಾಶಕನೊಬ್ಬನ ಫೋನು ಬಂತು. ‘ನಿಮ್ಮ ಕತೆಗಳು ಅದ್ಭುತ, ನಲವತ್ತೈದು ಸಾವಿರ ಕಳಿಸಿ, ಮುನ್ನೂರು ಪ್ರತಿ ನಿಮ್ಮ ಮನೆಗೇ ಬರುತ್ತವೆ’ ಎಂದ. ಕತೆಗಳನ್ನು ಕಳಿಸಿ ಎರಡು ದಿನವೂ ಆಗಿರಲಿಲ್ಲ. ಎರಡು ದಿನದಲ್ಲಿ ಇಬ್ಬರು ಓದಿ ಮೆಚ್ಚಿದರಲ್ಲ ಎಂದು ಮಾಸ್ತರರು ಹಿಗ್ಗಿದರು. ಪತ್ತಿನ ಸಂಘದಲ್ಲಿ ಮಗಳ ಹೆಸರಿನಲ್ಲಿಟ್ಟ ಠೇವಣಿಯ ಮೇಲೆ ಕಣ್ಣು ಬಿತ್ತು. ಆಗ ಹೆಂಡತಿ ಕೇಳಿದ್ದು ಒಂದೇ ಮಾತು: ‘ತಂಬಾಕ ಒಯ್ಯಾಂವ ರೊಕ್ಕಾ ಕೊಟ್ಟ ಒಯ್ತಾನ್ರಿ. ಇಂವ ಯಾಂವ, ಮಾಲೂ ಒಯ್ತಾನ, ರೊಕ್ಕಾನೂ ಕೇಳ್ತಾನ?’

ಮಾಸ್ತರರ ಹೆಂಡತಿ ಲಂಡನ್ನನ್ನು ಕಂಡವರಲ್ಲ. ಆದರೆ ಅವರು ಅಂದು ಹೇಳಿದ್ದು ಲಂಡನ್ನಿನ ಸಾಹಿತ್ಯ ದಲಾಲರ ಮೊದಲ ನಿಯಮ. ಹಣ ಯಾವತ್ತೂ ಬರೆದವನ ಕಡೆಗೆ ಹರಿಯಬೇಕೇ ಹೊರತು ಬರೆದವನಿಂದ ಹೊರಗೆ ಹರಿಯಬಾರದು.

ಆ ದೇಶದಲ್ಲಿ ಈ ಕಸುಬಿಗೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಎ.ಪಿ. ವಾಟ್ ಎಂಬಾತ ಲಂಡನ್ನಿನಲ್ಲಿ ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸಲು ತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಲೇಖಕನಿಗೆ ಬಂದ ಹಣದಲ್ಲಿ ನೂರಕ್ಕೆ ಹತ್ತು ಅವನಿಗೆ. ಈಗ ಅದು ಸಾಮಾನ್ಯವಾಗಿ ನೂರಕ್ಕೆ ಹದಿನೈದಾಗಿದೆ. ಪರದೇಶದ ಹಕ್ಕು, ಅನುವಾದದ ಹಕ್ಕು ಮಾರಿಕೊಟ್ಟರೆ ಇಪ್ಪತ್ತು. ಪುಸ್ತಕ ಮಾರಾಟವಾಗದಿದ್ದರೆ ಅವನಿಗೂ ಸೊನ್ನೆ. ಓದುವುದಕ್ಕೆ ಫೀ ಕೇಳುವವನನ್ನು ಆ ಕಸುಬಿನವರೇ ತಮ್ಮವನೆಂದು ಒಪ್ಪುವುದಿಲ್ಲ.

ಕನ್ನಡದಲ್ಲಿ ಇಂಥ ದಲಾಲರು ಬೆಳೆಯಲಿಲ್ಲ. ಸಾವಿರ ಪ್ರತಿ ಅಚ್ಚು ಹಾಕಿ ಗ್ರಂಥಾಲಯದ ಸಗಟು ಖರೀದಿಯ ದಾರಿ ಕಾಯುವ ಉದ್ಯಮದಲ್ಲಿ ನೂರಕ್ಕೆ ಹದಿನೈದು ತೆಗೆದುಕೊಂಡವನ ಮನೆಯ ಒಲೆ ಉರಿಯುವುದು ಹೇಗೆ? ಲೇಖಕನಿಗೆ ಸಿಗುವ ಗೌರವಧನವೇ ಮುಖಬೆಲೆಯ ನೂರಕ್ಕೆ ಹತ್ತರ ಆಸುಪಾಸು. ಅದರಲ್ಲಿ ಪಾಲು ಕೇಳಿದರೆ ಇಬ್ಬರಿಗೂ ಉಳಿಯುವುದು ಚಹಾದ ಖರ್ಚು. ಹಾಗೆಂದು ಆ ಕೆಲಸ ನಡೆಯಲಿಲ್ಲವೆಂದಲ್ಲ. ಅದನ್ನು ಪ್ರಕಾಶಕರು, ಪತ್ರಿಕೆಯ ಸಂಪಾದಕರು, ಮತ್ತು ಒಳ್ಳೆಯದನ್ನು ಕಂಡರೆ ಸುಮ್ಮನಿರಲಾರದ ಕೆಲವರು ಬಿಟ್ಟಿಯಾಗಿ ಮಾಡಿದರು.

ಧಾರವಾಡದ ಅಟ್ಟವನ್ನು ಅರಿಯದ ಸಾಹಿತ್ಯಾಸಕ್ತರು ಕಡಿಮೆ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಚಂದಾದಾರರನ್ನು ಕೂಡಿಸಿ, ವರ್ಷಕ್ಕಿಷ್ಟು ಪುಸ್ತಕವೆಂದು ಮನೆಮನೆಗೆ ಮುಟ್ಟಿಸಿದರು. ‘ಜಡಭರತ’ ಎಂಬ ಹೆಸರಿನಲ್ಲಿ ತಾವೂ ನಾಟಕ ಬರೆದರು. ಆದರೆ ಅವರ ದೊಡ್ಡ ಗುಣವೆಂದರೆ ಇನ್ನೊಬ್ಬರು ಬರೆದದ್ದನ್ನು ಗುರುತಿಸುವುದು. ಜೊತೆಗೆ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರಿದ್ದರು. ಇಪ್ಪತ್ಮೂರರ ಹುಡುಗ ಗಿರೀಶ ಕಾರ್ನಾಡ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1961ರಲ್ಲಿ, ಅವರ ‘ಯಯಾತಿ’ಯನ್ನು ಅಚ್ಚು ಹಾಕಿದ್ದು ಈ ಗ್ರಂಥಮಾಲೆ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ಮಾತು ಮನಸ್ಸಿಗೆ ತಾಗಿ ತಾವು ಇತಿಹಾಸದ ಪುಸ್ತಕ ಬಿಡಿಸಿದ್ದಾಗಿ ಕಾರ್ನಾಡರೇ ಹೇಳಿಕೊಂಡಿದ್ದಾರೆ. 1964ರಲ್ಲಿ ‘ತುಘಲಕ್’ ಬಂತು. ಎ.ಕೆ. ರಾಮಾನುಜನ್ನರ ಮೊದಲ ಕನ್ನಡ ಕವನ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಬಂದದ್ದೂ ಇಲ್ಲಿಂದಲೇ. ಹೆಸರಿಲ್ಲದವರ ಹಸ್ತಪ್ರತಿಯನ್ನು ಹೆಸರಿದ್ದವರದರಷ್ಟೇ ಗಮನವಿಟ್ಟು ಓದುವುದು, ಓದಿ ಒಂದು ನಿಜವಾದ ಮಾತು ಹೇಳುವುದು: ದಲಾಲನ ಕೆಲಸದ ತಿರುಳು ಇದೇ ಅಲ್ಲವೇ?

ಹೆಂಡತಿಯ ಮಾತಿನಿಂದ ಠೇವಣಿ ಉಳಿಯಿತು, ಕತೆಗಳೂ ಉಳಿದವು. ಕೊನೆಗೊಂದು ಭಾನುವಾರ ಮಾಸ್ತರರು ಮತ್ತು ಪೇಂಟರ್ ರಾಯಬಾಗ ಸ್ಟೇಶನ್ನಿನಲ್ಲಿ ಮೀರಜದ ಕಡೆಯಿಂದ ಬಂದ ಗಾಡಿ ಹತ್ತಿ ಧಾರವಾಡಕ್ಕೆ ಹೊರಟರು. ಅಲ್ಲಿ ಹಸ್ತಪ್ರತಿ ಓದುವ ಹಿರಿಯರೊಬ್ಬರಿದ್ದಾರೆ, ಸಣ್ಣದೊಂದು ಪ್ರಕಾಶನವನ್ನೂ ನಡೆಸುತ್ತಾರೆ ಎಂದು ಯಾರೋ ಹೇಳಿದ್ದರು. ಗಾಡಿಯಲ್ಲಿ ಮಾಸ್ತರರು ಮನಸ್ಸಿನಲ್ಲೇ ಭಾಷಣ ಕಟ್ಟುತ್ತ ಬಂದರು: ತಮ್ಮ ಕತೆಗಳ ಹಿನ್ನೆಲೆ, ಉದ್ದೇಶ, ಸಮಾಜಕ್ಕೆ ಅವುಗಳ ಸಂದೇಶ.

ಭಾಷಣಕ್ಕೆ ಅವಕಾಶವೇ ಸಿಗಲಿಲ್ಲ. ಹಿರಿಯರು ಚಹಾ ತರಿಸಿದರು, ನೋಟ್‌ಬುಕ್ಕು ತೆಗೆದುಕೊಂಡರು, ‘ಸ್ವಲ್ಪ ಕೂಡ್ರಿ’ ಎಂದರು. ಮೊದಲ ಪುಟ ಓದಿದರು. ಆಮೇಲೆ ಎರಡನೆಯ ಪುಟಕ್ಕೆ ಹೋಗದೆ ನಡುವೆ ಎಲ್ಲೋ ತೆರೆದು ಎರಡು ಪುಟ ಓದಿದರು. ಮತ್ತೆ ಇನ್ನೊಂದು ಕತೆಯ ಕೊನೆ. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದ ಮಾಸ್ತರರಿಗೆ ಈ ಪರೀಕ್ಷೆ ಹೊಸದಲ್ಲ. ತಂಬಾಕು ಕೊಳ್ಳುವವನು ಮೇಲಿನ ಎಲೆಯನ್ನು ನೋಡಿ ಮೋಸಹೋಗುವುದಿಲ್ಲ. ರಾಶಿಯ ಹೊಟ್ಟೆಗೆ ಕೈ ಹಾಕಿ ಒಂದು ಹಿಡಿ ಎಳೆದು, ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿಯುತ್ತಾನೆ. ಮೇಲೆ ಒಳ್ಳೆಯದಿಟ್ಟು ಒಳಗೆ ಹಾಳು ಮುಚ್ಚಿದವರೆಷ್ಟು ಜನರನ್ನು ಅವನು ಕಂಡಿಲ್ಲ!

‘ಇದು ಯಾರ ಕತಿ?’ ಹಿರಿಯರು ಕೇಳಿದರು.

‘ನಮ್ಮ ಅವ್ವನ ಕತಿರಿ. ನಿಪ್ಪಾಣಿ ತಂಬಾಕು ವಖಾರಿಯೊಳಗ ಕೆಲಸಕ್ಕ ಹೋಗ್ತಿದ್ಲರಿ.’

‘ನಿಮ್ಮ ತಾಯಿ ಹಿಂಗ ಮಾತಾಡ್ತಾರೇನು?’

ಮಾಸ್ತರರು ತಮ್ಮದೇ ಸಾಲನ್ನು ನೋಡಿದರು. ಕತೆಯ ತಾಯಿ ‘ನನ್ನ ಬದುಕು ಈ ಧೂಳಿನಲ್ಲೇ ಸವೆದುಹೋಯಿತು ಮಗೂ’ ಎಂದು ಹೇಳುತ್ತಿದ್ದಳು. ಮಾಸ್ತರರ ಅವ್ವ ಬದುಕಿನಲ್ಲಿ ಒಂದು ಸಲವೂ ಹೀಗೆ ಮಾತಾಡಿದವಳಲ್ಲ. ಮನೆಯಲ್ಲಿ ಚಿಕ್ಕೋಡಿ ಕಡೆಯ ಕನ್ನಡ, ವಖಾರಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಮಾಸ್ತರರು ಅವ್ವನ ಮಾತನ್ನು ತೊಳೆದು, ಇಸ್ತ್ರಿ ಮಾಡಿ, ಬೆಂಗಳೂರಿನ ಓದುಗರ ಮುಂದೆ ನಿಲ್ಲಿಸಿದ್ದರು. ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳ ‘ಹಂಗ’ವನ್ನು ‘ಹಾಗೆ’ ಎಂದು ತಿದ್ದಿದ ಕೈ. ಕತೆಯಲ್ಲೂ ಅದೇ ಕೆಂಪು ಪೆನ್ನು ಆಡಿತ್ತು. ಅದಕ್ಕೊಂದು ಕಾರಣವೂ ಇತ್ತು. ಗಡಿಯ ಊರಿನಲ್ಲಿ ಮರಾಠಿ ಬೆರೆತ ಕನ್ನಡವನ್ನು ಬರೆದರೆ ‘ಇವರ ಕನ್ನಡ ಅಷ್ಟೇ’ ಎಂದಾರು ಎಂಬ ಅಂಜಿಕೆ. ಆ ಅಂಜಿಕೆಯಿಂದಲೇ ಅವರು ‘ವಖಾರಿ’ಯನ್ನು ಕತೆಯ ತುಂಬ ‘ಗೋದಾಮು’ ಎಂದು ಬರೆದಿದ್ದರು.

ಹಿರಿಯರು ಮಿರ್ಜಿ ಅಣ್ಣಾರಾಯರ ಹೆಸರು ತೆಗೆದರು. ಈಗಿನ ಕಾಗವಾಡ ತಾಲೂಕಿನ ಶೇಡಬಾಳದವರು, 1918ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಂಡವರು. ಅವರೂ ಕನ್ನಡ ಶಾಲೆಯ ಮಾಸ್ತರರೇ. ಅವರ ‘ನಿಸರ್ಗ’ ಕಾದಂಬರಿಯಲ್ಲಿ ಈ ಭಾಗದ ಜೈನ ಒಕ್ಕಲು ಮನೆತನದ ಬದುಕು, ಅವರದೇ ಆಡುಮಾತಿನಲ್ಲಿದೆ. ‘ಶೇಡಬಾಳದ ಮಂದಿ ಶೇಡಬಾಳದವರ ಹಂಗ ಮಾತಾಡಿದ್ದಕ್ಕ ಆ ಪುಸ್ತಕ ಉಳದದ. ಇಲ್ಲಾಂದ್ರ ಯಾರು ಓದತಿದ್ರು?’ ಎಂದರು.

ಇದು ಧಾರವಾಡದ ಒಬ್ಬ ಹಿರಿಯರ ಹಟವಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಐವತ್ತು ಸಾವಿರ ಪೌಂಡಿನ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು. ಕನ್ನಡಕ್ಕೆ ಅದು ಮೊದಲ ಸಲ. ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಆ ಅನುವಾದದಲ್ಲಿ ಕನ್ನಡ, ಉರ್ದು, ಅರಬ್ಬಿ ಮಾತುಗಳು ಅಡಿಟಿಪ್ಪಣಿಯ ಊರುಗೋಲಿಲ್ಲದೆ ಹಾಗೆಯೇ ನಡೆದಾಡುತ್ತವೆ. ಲಂಡನ್ನಿನ ಓದುಗರು ಅದನ್ನು ತಾಳಿಕೊಂಡಾರಾದರೆ ಬೆಂಗಳೂರಿನವರು ‘ವಖಾರಿ’ಯನ್ನು ತಾಳಿಕೊಳ್ಳಲಾರರೇ?

ಹೊಸ ಲೇಖಕನಲ್ಲಿ ದಲಾಲನಾಗಲಿ ಪ್ರಕಾಶಕನಾಗಲಿ ಮೊದಲು ಹುಡುಕುವುದು ಈ ದನಿಯನ್ನು. ಕಥಾವಸ್ತುವನ್ನು ತಿದ್ದಬಹುದು, ಉದ್ದವಾದರೆ ಕತ್ತರಿಸಬಹುದು, ಕಾಗುಣಿತವನ್ನು ಕರಡು ತಿದ್ದುವವರು ನೋಡಿಕೊಳ್ಳುತ್ತಾರೆ. ದನಿಯನ್ನು ಮಾತ್ರ ಹೊರಗಿನಿಂದ ತಂದು ಹಾಕಲಾಗದು. ಎರಡನೆಯದು, ಪೂರ್ತಿಯಾದ ಬರಹ. ‘ಮೂರು ಅಧ್ಯಾಯ ಬರೆದಿದ್ದೇನೆ, ನೀವು ಒಪ್ಪಿದರೆ ಮುಂದುವರಿಸುತ್ತೇನೆ’ ಎನ್ನುವ ಹೊಸಬನ ಕಾದಂಬರಿಗೆ ಎಲ್ಲಿಯೂ ಗಿರಾಕಿಯಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ಮೂರು ಅಧ್ಯಾಯ, ಒಂದು ಪುಟದ ಸಾರಾಂಶ, ಒಂದು ಚಿಕ್ಕ ಪತ್ರ ಕಳಿಸೆನ್ನುತ್ತಾರೆ, ನಿಜ; ಆದರೆ ಉಳಿದದ್ದು ಮನೆಯಲ್ಲಿ ಸಿದ್ಧವಾಗಿರಬೇಕು. ಮೂರನೆಯದು ಆ ಚಿಕ್ಕ ಪತ್ರ. ಮಾಸ್ತರರು ಮೊದಲೊಮ್ಮೆ ಬರೆದ ಪತ್ರ ನಾಲ್ಕು ಪುಟವಿತ್ತು. ಮೂರು ಪುಟ ವಿನಯ, ಒಂದು ಪುಟ ಪ್ರಶಂಸೆ. ‘ನಾನು ಇಂಥವನು, ಇಂಥ ಊರಿನವನು, ಇಷ್ಟು ಕತೆಗಳಿವೆ, ನಿಮ್ಮ ಇಂಥ ಪುಸ್ತಕ ಓದಿದ್ದರಿಂದ ನಿಮಗೆ ಕಳಿಸುತ್ತಿದ್ದೇನೆ’ ಎಂದರೆ ಮುಗಿಯಿತು. ಈ ಕೊನೆಯ ಸಾಲು ಮುಖ್ಯ. ಪಂಚಾಂಗ ಪ್ರಕಟಿಸುವವರಿಗೆ ಕತೆ ಕಳಿಸಿ, ಅವರು ಉತ್ತರ ಬರೆಯಲಿಲ್ಲವೆಂದು ಕೊರಗುವವರಿಗೇನೂ ಕಡಿಮೆಯಿಲ್ಲ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ತಿದ್ದಲು ಒಪ್ಪುವ ಮನಸ್ಸು. ಮೊದಲ ಪುಸ್ತಕ ಒಂದು. ಆ ಮನುಷ್ಯನ ಜೊತೆ ಇನ್ನೂ ನಾಲ್ಕು ಪುಸ್ತಕ ಮಾಡಬಹುದೇ ಎಂದು ಪ್ರಕಾಶಕ ಅಳೆಯುತ್ತಿರುತ್ತಾನೆ.

ಮಾಸ್ತರರ ಸರದಿ ಮುಗಿದು ಪೇಂಟರನ ಚೀಲ ತೆರೆಯಿತು. ಮೇಲಿದ್ದದ್ದು ನವಿಲಿನ ಮೇಲೆ ಕುಳಿತ ಸರಸ್ವತಿ. ಆಮೇಲೆ ಬಸವಣ್ಣ, ಶಿವಾಜಿ, ಸೂರ್ಯಾಸ್ತ, ಕೊಡ ಹೊತ್ತ ಹುಡುಗಿ. ಕೈ ಪಳಗಿತ್ತು, ಬಣ್ಣ ಒಪ್ಪವಾಗಿತ್ತು. ಹಿರಿಯರು ಒಂದೊಂದನ್ನೂ ಗೌರವದಿಂದ ನೋಡಿ ಪಕ್ಕಕ್ಕಿಟ್ಟರು. ಚೀಲದ ತಳದಲ್ಲಿ ಮಗನ ಹಳೆಯ ಡ್ರಾಯಿಂಗ್ ಬುಕ್ಕು ಇತ್ತು. ಅದನ್ನು ತೋರಿಸುವ ವಿಚಾರ ಪೇಂಟರನಿಗಿರಲಿಲ್ಲ. ಒಳಗೆ ಬರೀ ಪೆನ್ಸಿಲ್ ಗೆರೆಗಳು: ಸಂಜೆಯ ಬಸ್ಸಿನಲ್ಲಿ ವಖಾರಿಯಿಂದ ಮರಳುವ ಹೆಂಗಸರು, ಮೂಗಿಗೆ ಕಟ್ಟಿದ ಅರಿವೆಯನ್ನು ಬಿಚ್ಚಲೂ ಮರೆತು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಮಲಗಿದ್ದರು. ಹಿರಿಯರ ಕೈ ಅಲ್ಲಿ ನಿಂತಿತು.

‘ಈ ಮುದುಕೀನ್ನ ಇನ್ನೊಂದು ಸಲ ಬರೀತೀರೇನು? ನಿಂತಿರಬೇಕು.’ ಪೇಂಟರ್ ಅಲ್ಲೇ ಬರೆದ. ‘ಈಗ ಹಿಂದಿನಿಂದ.’ ಬರೆದ. ‘ಈಗ ಆಕೀಗೆ ಸಿಟ್ಟು ಬಂದದ.’ ಪೇಂಟರ್ ತುಸು ತಡೆದು, ಮಾಸ್ತರರ ಅವ್ವನನ್ನು ನೆನೆದು, ನಕ್ಕು ಬರೆದ. ನಾಲ್ಕೂ ಚಿತ್ರಗಳಲ್ಲಿ ಅದೇ ಮುದುಕಿ ಇದ್ದಳು.

ಚಿತ್ರಕಾರನಿಗೆ ಜಗತ್ತಿನ ಎಲ್ಲ ಕಡೆಯೂ ಇಡುವ ಪರೀಕ್ಷೆ ಇದೇ. ಒಂದು ಸುಂದರ ಚಿತ್ರ ಬರೆಯುವವರು ಬೇಕಾದಷ್ಟು ಜನ. ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ಮೊದಲ ಪುಟದ ಹುಡುಗಿ ಕೊನೆಯ ಪುಟದಲ್ಲೂ ಅದೇ ಹುಡುಗಿಯಾಗಿ ಉಳಿಯಬೇಕು, ಅಳಲಿ, ಓಡಲಿ, ಬೆನ್ನು ತಿರುಗಿಸಲಿ. ಚಿತ್ರ ಕತೆಯನ್ನು ಮುಂದಕ್ಕೆ ಒಯ್ಯಬೇಕು, ಕತೆ ಹೇಳಿದ್ದನ್ನೇ ಮತ್ತೆ ಹೇಳಬಾರದು. ‘ಅವಳು ಬಾವಿಗೆ ಹೋದಳು’ ಎಂದು ಬರೆದಿದ್ದರೆ ಬಾವಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಚಿತ್ರ ತೋರಿಸಬೇಕು. ತೋರಿಸಲು ಒಯ್ಯುವ ಚಿತ್ರಗಳು ಹತ್ತು ಹನ್ನೆರಡಿದ್ದರೆ ಸಾಕು. ಎಲ್ಲವೂ ತನ್ನ ಕಣ್ಣಿಂದ ಕಂಡವಾಗಿರಬೇಕು. ಕ್ಯಾಲೆಂಡರಿನ ಸರಸ್ವತಿ ಕ್ಯಾಲೆಂಡರಿನಲ್ಲೇ ಇದ್ದಾಳೆ.

ಅಂದು ಹಿರಿಯರು ಏನನ್ನೂ ಒಪ್ಪಿಕೊಳ್ಳಲಿಲ್ಲ. ‘ಬರದು ತರ್ರಿ’ ಎಂದಷ್ಟೇ ಅಂದರು. ಮತ್ತೆ ಕೆಲವು ವ್ಯವಹಾರದ ಮಾತು ಹೇಳಿದರು. ಮೂಲಪ್ರತಿ ಯಾರಿಗೂ ಕೊಡಬೇಡಿ, ನಕಲು ಕೊಡಿ. ಒಪ್ಪಂದ ಕಾಗದದ ಮೇಲಿರಲಿ. ‘ಎಲ್ಲ ಹಕ್ಕುಗಳೂ’ ಎಂಬ ಎರಡು ಶಬ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದವನು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಅವನ ವಾರಸುದಾರರದು. ಅನುವಾದದ್ದು ಬೇರೆ, ಸಿನಿಮಾದ್ದು ಬೇರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಮಾಸ್ತರರ ವಯಸ್ಸು ಮೀರಿತ್ತು. ಸಂಕಲನ ಬಾರದ ಕತೆಗಾರರ ಹಸ್ತಪ್ರತಿಗಳನ್ನು ಸ್ಪರ್ಧೆಗೆ ಕರೆದು ಅಚ್ಚು ಹಾಕುವ ಛಂದ ಪುಸ್ತಕದಂಥ ಪ್ರಕಾಶನಗಳಿವೆ, ದೀಪಾವಳಿ, ಯುಗಾದಿಯ ಕಥಾಸ್ಪರ್ಧೆಗಳಿವೆ. ಗೆಲ್ಲದಿದ್ದರೂ ಯಾರೋ ಒಬ್ಬರು ಓದಿರುತ್ತಾರೆ.

ಮರಳುವಾಗ ಗಾಡಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಕುಡಚಿಯ ಕಡೆಗೆ ಹೋಗುವ ಆ ಗಾಡಿ ರಾಯಬಾಗದಲ್ಲಿ ನಿಂತಾಗ ಕತ್ತಲಾಗಿತ್ತು.

ಮಾಸ್ತರರು ಮತ್ತೆ ಬರೆಯಲು ಎಂಟು ತಿಂಗಳು ಹಿಡಿಯಿತು. ಈ ಸಲ ಪ್ರತಿ ಕತೆಯನ್ನೂ ಮೊದಲು ಅವ್ವನಿಗೆ ಓದಿ ಹೇಳಿದರು. ಅವ್ವನಿಗೆ ಈಗ ಎಪ್ಪತ್ತೈದು ದಾಟಿದೆ. ಕೆಮ್ಮು ಮಾತ್ರ ಅದೇ ಹಳೆಯದು, ವಖಾರಿಯದು. 1981ರಲ್ಲಿ ಶರದ ಜೋಶಿಯವರ ಮುಂದಾಳ್ತನದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕುಳಿತಾಗ ಆಕೆ ಹತ್ತಿರದಿಂದ ಕಂಡವಳು. 1982ರಲ್ಲಿ ದೀಪಾ ಧನರಾಜ್ ಅವರಿದ್ದ ಯುಗಾಂತರ್ ತಂಡ ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಸಂಘಟನೆಯ ಮೇಲೆ ಸಾಕ್ಷ್ಯಚಿತ್ರ ಮಾಡಿತ್ತು. ಅದು ಆಕೆಗೆ ಗೊತ್ತಿಲ್ಲ. ತನ್ನಂಥವರ ಬಗ್ಗೆ ಯಾರಾದರೂ ಪುಸ್ತಕ ಬರೆದಾರೆಂಬುದೂ ಆಕೆಗೆ ನಂಬಿಕೆಯ ಮಾತಲ್ಲ. ಆದರೆ ಕೇಳುವಾಗ ಕಿವಿ ಚುರುಕು. ‘ಸುಳ್ಳ ಐತಿ ಅದು. ಮದ್ಲ ಕುಟ್ಟತಾರ, ಆಮ್ಯಾಲ ಜರಡಿ ಹಿಡಿತಾರ. ನೀ ಜರಡಿ ಮದ್ಲ ಹಿಡಿಸೀದಿ’ ಎನ್ನುತ್ತಿದ್ದಳು. ಮಾಸ್ತರರು ತಿದ್ದುತ್ತಿದ್ದರು. ಇನ್ನೊಂದು ಕತೆ ಕೇಳಿ ಬಹಳ ಹೊತ್ತು ಸುಮ್ಮನಿದ್ದು, ‘ಇದನ್ನ ನಿನಗ ಯಾರ ಹೇಳಿದ್ರೋ ಯಪ್ಪಾ?’ ಎಂದಳು. ಯಾರೂ ಹೇಳಿರಲಿಲ್ಲ. ಹುಡುಗನಾಗಿದ್ದಾಗ ಮಾಸ್ತರರು ಚಾದರದೊಳಗೆ ನಿದ್ದೆ ಬಂದವರಂತೆ ಮಲಗಿ ಕೇಳಿಸಿಕೊಂಡದ್ದು. ಆ ಕತೆಯನ್ನು ಇಡಲೋ ಬಿಡಲೋ ಎಂದು ಅವರೇ ಕೇಳಿದರು. ‘ಇರ್ಲಿ. ಹೆಸರ ಬ್ಯಾರೆ ಹಾಕ’ ಎಂದಳು.

ಕತೆಗಳನ್ನು ಒಂದು ಸ್ಪರ್ಧೆಗೂ ಕಳಿಸಿದರು. ಬಹುಮಾನ ಬರಲಿಲ್ಲ. ಧಾರವಾಡಕ್ಕೂ ಕಳಿಸಿದರು. ನಾಲ್ಕು ತಿಂಗಳ ಮೇಲೆ ಪೋಸ್ಟ್‌ಕಾರ್ಡು ಬಂತು. ಆ ಹಿರಿಯರು ಇನ್ನೂ ಕಾರ್ಡಿನಲ್ಲೇ ಬರೆಯುವವರು. ಹನ್ನೆರಡರಲ್ಲಿ ಏಳು ಕತೆ ಸಾಕು, ಐದು ಬೇಡ. ಮುಂದಿನ ವರ್ಷ ಪುಸ್ತಕ ಮಾಡೋಣ. ಮುಖಪುಟಕ್ಕೆ ಬಸ್ಸಿನ ಹೆಂಗಸರು. ಪೇಂಟರನಿಗೆ ಸಂಭಾವನೆ ಹೆಚ್ಚಿಲ್ಲ, ಆದರೆ ಹೆಸರು ಒಳಪುಟದಲ್ಲಿರುತ್ತದೆ. ಮಾಸ್ತರರಿಂದ ಒಂದು ಪೈಸೆ ಬೇಡ.

ಈ ಕೊನೆಯ ಸಾಲನ್ನು ಮಾಸ್ತರರು ಹೆಂಡತಿಗೆ ಎರಡು ಸಲ ಓದಿ ಹೇಳಿದರು. ಆದರೂ ಆ ಐದು ಕತೆಗಳು ಎದೆಯಲ್ಲಿ ಚುಚ್ಚುತ್ತಲೇ ಇದ್ದವು. ಮುಖ ಸಣ್ಣದು ಮಾಡಿಕೊಂಡು ಕುಳಿತದ್ದನ್ನು ಕಂಡು ಅವ್ವ ಏನಾಯಿತೆಂದು ಕೇಳಿದಳು. ಹೇಳಿದರು.

‘ಹನ್ನೆರಡರಾಗ ಏಳ ಪಾಸಾದ್ವ? ನಮ್ಮ ವಖಾರಿಯೊಳಗ ಇಷ್ಟ ಮಾಲ ಪಾಸಾಗಿದ್ರ ಮಾಲಕ ಪೇಢೆ ಹಂಚತಿದ್ದ’ ಎಂದಳು. ಒಂದು ಗಳಿಗೆ ಕೆಮ್ಮಿ, ನೀರು ಕುಡಿದು, ಮತ್ತೆ ಹೇಳಿದಳು: ‘ಜರಡಿ ಮ್ಯಾಲ ಉಳದದ್ದ ಒಗ್ಯಾಂಗಿಲ್ಲೋ. ಅದನ್ನ ಮತ್ತ ಕುಟ್ಟಬೇಕ.’

ಮಾಸ್ತರರು ಆ ಐದು ಕತೆಗಳ ನೋಟ್‌ಬುಕ್ಕನ್ನು ಕಪಾಟಿನಿಂದ ಕೆಳಗಿಳಿಸಿದರು.